ಬದುವಿಗೆ ಬಂದ ಹಳದಿ ಕಂಬ

ನಮ್ಮ ಪಂಚಾಯಿತಿಯ ಹದ್ದಿನಲ್ಲಿ ನೆಲದ ಕೆಳಗೆ ಗ್ಯಾಸು ಓಡುತ್ತದೆ, ನೆಲದ ಮೇಲೆ ಅದರ ಕಾಗದಗಳು ಓಡಾಡುತ್ತವೆ. ಗ್ಯಾಸು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಕಂಪನಿಗೆ ಗೊತ್ತು. ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದ ನನಗೂ ಗೊತ್ತಿರಲಿಲ್ಲ.

ನಿಪ್ಪಾಣಿಯಿಂದ ಅಕ್ಕೋಳದ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಊರು. ಹೆಸರು ಬೇಡ. ಊರವರು ಒಳ್ಳೆಯವರು, ಕೆಲವರಿಗೆ ಓದುವ ಚಟವೂ ಇದೆ.

ದಸರೆ ಮುಗಿದ ವಾರ ಒಬ್ಬ ಗವಂಡಿ ಮನೆ ಕಟ್ಟುವ ಪರವಾನಿಗೆಗೆ ಅರ್ಜಿ ತಂದರು. ಸುತ್ತಲಿನ ಹತ್ತು ಊರುಗಳಲ್ಲಿ ಗೋಡೆ ಎಬ್ಬಿಸಿದ ಮನುಷ್ಯ, ಎಲ್ಲರ ಬಾಯಲ್ಲೂ ‘ಗವಂಡಿ ಮಾಮು’. ನಿಪ್ಪಾಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಮಾಲೀಕರ ಮಗನ ಲಗ್ನ ಬೇಸಿಗೆಗೆ ಗೊತ್ತಾಗಿತ್ತು, ಅಷ್ಟರೊಳಗೆ ಖೋಲಿ ಬಿಡಬೇಕು. ಅರ್ಜಿಯ ಜತೆ ನಕ್ಷೆ ಇತ್ತು. ಅದರಲ್ಲಿ ಅಡುಗೆಮನೆಯ ಕಿಟಕಿ ಮಾತ್ರ ಬೇರೆ ಶಾಯಿಯಲ್ಲಿ, ಉಳಿದ ಕಿಟಕಿಗಳಿಗಿಂತ ದೊಡ್ಡದಾಗಿತ್ತು.

“ಅದು ನನ್ನ ಕೈ ಅಲ್ರಿ,” ಎಂದರು ಮಾಮು. “ಮನ್ಯಾಕಿದು. ಇಪ್ಪತ್ತೆಂಟ ವರ್ಷ ಖಿಡಕಿ ಇಲ್ಲದ ಖೋಲ್ಯಾಗ ಹೊಗಿ ಕುಡದೇನಿ, ಇನ್ನ ಸಾಕು ಅಂತಾಳ.”

ಮಾಮುವಿನ ಪ್ಲಾಟಿನ ಸಂಖ್ಯೆ ಹದಿನೇಳು. ಹಿಂದೆ ತಂಬಾಕಿನ ಹೊಲವಾಗಿದ್ದು ಈಗ ಲೇಔಟ್ ಆಗಿದ್ದ ಆ ಜಾಗದಲ್ಲೇ ಗ್ಯಾಸ್ ಲೈನು ಹಾದುಹೋಗಿತ್ತು. ಇದರ ಕಾನೂನನ್ನು ಒಂದಿಷ್ಟು ಹೇಳಲೇಬೇಕು. ಕಂಪನಿ ಜಮೀನು ಕೊಂಡಿರುವುದಿಲ್ಲ. ಪೈಪಿನ ಎರಡೂ ಮಗ್ಗುಲಿಗೆ ಹತ್ತು ಹತ್ತು ಮೀಟರಿನ ಪಟ್ಟಿಯಲ್ಲಿ ಬಳಕೆಯ ಹಕ್ಕು ಮಾತ್ರ ಪಡೆದಿರುತ್ತದೆ. ಆ ಪಟ್ಟಿಯ ಮೇಲೆ ರೈತ ಜೋಳ ಬಿತ್ತಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ಹಚ್ಚುವಂತಿಲ್ಲ. ಪಟ್ಟಿ ದಾಟಿ ಒಂದು ಗೇಣು ಆಚೆ ಹೋದರೆ ಕಂಪನಿಗೆ ಮಾತಿಲ್ಲ. ಅಲ್ಲಿ ಮನೆ ಏಳಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಸ್ಥಳೀಯ ಸಂಸ್ಥೆಯದು. ಸ್ಥಳೀಯ ಸಂಸ್ಥೆ ಎಂದರೆ ಅಧ್ಯಕ್ಷರು, ಸದಸ್ಯರು, ನಾನು ಮತ್ತು ಐವತ್ತು ಮೀಟರಿನ ಒಂದು ಟೇಪು. ಟೇಪಿನ ಮೊದಲ ಏಳು ಸೆಂಟಿಮೀಟರ್ ಯಾವುದೋ ಹಿಂದಿನ ಅಧಿಕಾರಿಯ ಕಾಲದಲ್ಲೇ ಹರಿದುಹೋಗಿತ್ತು.

ಜಾವಕ ರಜಿಸ್ಟರಿನಲ್ಲಿ ಸಂಖ್ಯೆ ಹಾಕಿ ಮೂರು ಪತ್ರ ಕಳಿಸಿದೆ. ಪಟ್ಟಿಯ ಹೊರಗಿನ ಕಟ್ಟಡದ ಬಗ್ಗೆ ತಮ್ಮ ಅಭಿಪ್ರಾಯ ಏನೂ ಇಲ್ಲವೆಂದು ಕಂಪನಿ ಬರೆಯಿತು. ಸದರಿ ಊರು ತಮ್ಮ ಯೋಜನಾ ವ್ಯಾಪ್ತಿಯ ಹೊರಗಿದ್ದು, ಲೇಔಟ್ ನಕ್ಷೆಯನ್ನಷ್ಟೇ ತಾವು ನೋಡುವುದಾಗಿಯೂ ಒಂದೊಂದು ಮನೆಯ ವಿಚಾರ ಪಂಚಾಯಿತಿಯದೆಂದೂ ನಗರ ಯೋಜನೆಯವರು ಬರೆದರು. ಉತಾರ ನೋಡಿಕೊಳ್ಳತಕ್ಕದ್ದು ಎಂದು ಕಂದಾಯದವರು ಬರೆದರು. ಉತಾರ, ಅಂದರೆ ಜಮೀನಿನ ಪಹಣಿ, ನೋಡಿದೆ. ಹಳೆಯ ಹೊಲದ ಉತಾರದಲ್ಲಿ ಕಂಪನಿಯ ಹಕ್ಕಿನ ಸಾಲು ಇತ್ತು. ಹೊಲ ಒಡೆದು ಪ್ಲಾಟಾದಾಗ ಪ್ಲಾಟುಗಳ ಕಾಗದದೊಳಗೆ ಆ ಸಾಲು ಬಂದಿರಲಿಲ್ಲ. ಮೂರೂ ಕಡೆಯಿಂದ ಅಧಿಕಾರ ಹೀಗೆ ಉರುಳುತ್ತ ಬಂದು ನನ್ನ ಟೇಬಲ್ಲಿನ ಮೇಲೆ ನಿಂತಿತು.

ಇನ್ನು ಉಳಿದದ್ದು ಅಳತೆ. ಕರ ವಸೂಲಿಗಾರನನ್ನು ಕರೆದುಕೊಂಡು ಹೋದೆ. ಲೇಔಟಿನ ಪೂರ್ವದ ಬದುವಿನ ಮೇಲೆ ಕಂಪನಿಯ ಹಳದಿ ಗುರುತು ಕಂಬ ನಿಂತಿತ್ತು. ಕೆಳಗೆ ಕಾಂಕ್ರೀಟಿನ ಕಟ್ಟೆ, ಕಂಬ ನೆಟ್ಟಗೆ, ಒಂದಿಷ್ಟೂ ವಾಲಿರಲಿಲ್ಲ. ಸರಕಾರಿ ಆಸ್ತಿ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡದ್ದು ಕಡಿಮೆ. ಇದು ಕಂಪನಿಯದಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಬದುವಿಗೆ ಹತ್ತಿ ಹನ್ನೆರಡು ಮೀಟರಿನ ಬಯಲು, ನಕ್ಷೆಯಲ್ಲಿ ಅದು ಗಾರ್ಡನ್ನು. ಅದರಾಚೆ ರಸ್ತೆ. ರಸ್ತೆಯಾಚೆ ಹದಿನೇಳನೆಯ ಪ್ಲಾಟು. ಕಂಬದಿಂದ ಪ್ಲಾಟಿನ ಗಡಿಗೆ ಟೇಪು ಎಳೆದೆವು. ಹರಿದ ಏಳು ಸೆಂಟಿಮೀಟರನ್ನು ಪ್ರಾಮಾಣಿಕವಾಗಿ ಕಳೆದೆ. ಇಪ್ಪತ್ತೊಂದು ಮೀಟರ್. ಹತ್ತು ಮೀಟರಿನ ಪಟ್ಟಿಯಿಂದ ಸಾಕಷ್ಟು ಆಚೆ. ಪರವಾನಿಗೆಗೆ ಸಹಿ ಹಾಕಿದೆ.

ಲೇಔಟಿನ ಉತ್ತರಕ್ಕೂ ದಕ್ಷಿಣಕ್ಕೂ ಆಗ ಕಬ್ಬು ಆಳೆತ್ತರ ನಿಂತಿತ್ತು. ಆ ಒಂದು ಕಂಬ ಬಿಟ್ಟರೆ ಬೇರೆ ಯಾವ ಕಂಬವೂ ಕಾಣುತ್ತಿರಲಿಲ್ಲ. ಬೇರೆ ಕಂಬ ಹುಡುಕಬೇಕೆಂದು ನನಗೂ ಅನಿಸಲಿಲ್ಲ.

ಜನವರಿಯಲ್ಲಿ ಕಬ್ಬು ಕಡಿದರು. ಅದಾಗಿ ನಾಲ್ಕು ದಿನಕ್ಕೆ ಕಂಪನಿಯ ಲೈನ್ ಕಾಯುವವ ಕಚೇರಿಯ ಬಾಗಿಲಲ್ಲಿ ನಿಂತ. ಹೆಗಲ ಮೇಲೆ ಜಿಪಿಎಸ್ ಯಂತ್ರ ಹಾಕಿಕೊಂಡು ದಿನವೂ ಎಂಟು ಕಿಲೋಮೀಟರ್ ಪೈಪಿನ ನೆತ್ತಿಯ ಮೇಲೆ ನಡೆಯುವುದು ಅವನ ನೌಕರಿ.

“ಸಾಹೇಬ್ರ, ಒಂದ ಮಾತ ಐತ್ರಿ. ಸಿಟ್ಟಾಗಬ್ಯಾಡ್ರಿ.”

“ಸಿಟ್ಟಿಗೆ ಮೇಲಿನವರ ಮಂಜೂರಾತಿ ಬೇಕಪಾ. ಹೇಳು.”

“ಆ ಲೇಔಟಿನ ಕಂಬ ಐತಲ್ರಿ, ಅದು ಆ ಜಾಗಾದ್ದಲ್ರಿ.”

“ಮತ್ಯಾವ ಜಾಗಾದ್ದು?”

“ಅದನ್ನ ಮಷೀನ್ ಹೇಳತೈತ್ರಿ. ಕಂಬದ ಹಂತ್ಯಾಕ ನಡದ್ರ ‘ಹಾದಿ ಬಿಟ್ಟೀದಿ’ ಅಂತ ಕಂಪನ್ಯಾಗ ನನ್ನ ಹೆಸರಿಗೆ ಬೀಳತೈತಿ. ಹೊಲದ ನಡಬರಕ ನಡೀಬೇಕಂದ್ರ ಬೆಳಿ ನಿಂತಿರತಿತ್ತು. ಅದಕ್ಕ ತಿಂಗಳಾ ‘ಬೆಳೆ ಅಡ್ಡ ಇದೆ’ ಅಂತ ಬರದು ಕೊಡ್ತಿದ್ನಿ. ಹೊಲ ಲೇಔಟ್ ಆದಮ್ಯಾಲೂ ಅದನ್ನಽ ಬರದ್ನಿ.”

“ಎಷ್ಟು ತಿಂಗಳು?”

ಅವನು ಚಪ್ಪಲಿ ನೋಡಿಕೊಂಡ. “ಆರ ವರ್ಷ ಆತ್ರಿ.”

“ಈಗ್ಯಾಕೆ ಹೇಳಾಕ ಬಂದಿ?”

“ನಾಳೆ ಮಾಮು ಪಾಯಾ ತೋಡಾಕ ಜೆಸಿಬಿ ತರಸಾಕತ್ತಾನ್ರಿ.”

ಸೈಕಲ್ ಮೋಟರಿನ ಮೇಲೆ ಇಬ್ಬರೂ ಹೋದೆವು. ಮಾಮು ಹದಿನೇಳನೆಯ ಪ್ಲಾಟಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಅವರ ಹೆಂಡತಿ, ಚಾಚಿ, ಇಟ್ಟಿಗೆ ರಾಶಿಯ ಮೇಲೆ ಚಹದ ಥರ್ಮಾಸ್ ಇಟ್ಟುಕೊಂಡು, ಸುಣ್ಣದ ಗೆರೆಯಲ್ಲೇ ಮೂಡಿದ್ದ ಅಡುಗೆಮನೆಯೊಳಗೆ ಕೂತಿದ್ದರು. ಕಬ್ಬು ಹೋಗಿ ಎರಡೂ ಕಡೆ ಬಯಲಾಗಿತ್ತು. ಉತ್ತರದ ಕೂಳೆಯಲ್ಲಿ ಒಂದು ಹಳದಿ ಕಂಬ, ದಕ್ಷಿಣದಲ್ಲಿ ಇನ್ನೊಂದು. ನಮ್ಮದು ಬದುವಿನ ಮೇಲೆ, ಇಬ್ಬರು ಅಣ್ಣತಮ್ಮಂದಿರ ಜತೆ ಮಾತು ಬಿಟ್ಟವನ ಹಾಗೆ ದೂರ ನಿಂತಿತ್ತು.

ನಾನು ಎರಡು ಕಂಬಗಳ ಕಡೆ ಕೈ ತೋರಿಸಿದೆ, ಅಷ್ಟೇ. ಮಾಮು ಒಂದು ಕಣ್ಣು ಮುಚ್ಚಿ ನೋಡಿದರು. ಇಟ್ಟಿಗೆ ಸಾಲು ನೇರವಿದೆಯೇ ಎಂದು ದಿನಕ್ಕೆ ನೂರು ಸಲ ಹಾಗೆ ನೋಡುವ ಕಣ್ಣು ಅದು. ಆ ಎರಡು ಕಂಬಗಳ ನಡುವಿನ ಗೆರೆ ಹಾದುಹೋಗುವುದು ತಮ್ಮ ಹೆಂಡತಿ ಕೂತ ಜಾಗದ ಕೆಳಗೆ ಎಂದು ಅವರಿಗೆ ಕ್ಷಣದಲ್ಲಿ ತಿಳಿಯಿತು. ಸುಣ್ಣದ ಬುಟ್ಟಿ ಕೆಳಗಿಟ್ಟರು.

“ಸಾಹೇಬ್ರ, ಬದುವಿನ ಮ್ಯಾಲಿನ ಆ ಕಂಬ ನೆಟ್ಟಾಂವ ನಾನಽ ರಿ.”

“ಚುಪ್ ಬೈಠೋ ಜೀ!” ಚಾಚಿ ಎದ್ದು ಬಂದು ಗಂಡನ ತೋಳು ಹಿಡಿದರು.

“ನೆಟ್ಟೇನಿ ಅಂದಮ್ಯಾಲ ನೆಟ್ಟೇನಿ,” ಎಂದರು ಮಾಮು. “ಆಗ ಹೊಲದ ಮಾಲಕ ಬ್ಯಾರೆ ಇದ್ದ, ಮುದುಕ, ಈಗ ಇಲ್ಲ. ತಂಬಾಕಿನ್ಯಾಗ ಕುಂಟಿ ಹೊಡಿಯಾಗ ಆ ಕಂಬಕ್ಕ ಬಡದು ಎತ್ತಿನ ಕಾಲ ಮುರಿಯೂದು ಸ್ವಲ್ಪದಾಗ ಉಳೀತು. ‘ಮಾಮು, ಹೊಲದ ನಡಬರಕ ಕಲ್ಲ ಇರಬಾರದು, ಕಲ್ಲಿನ ಜಾಗಾ ಬದು. ಕಂಪನಿ ಸಾಮಾನ ಐತಿ, ಒಗಿಯೂದು ಬ್ಯಾಡ, ಮರ್ಯಾದಿಲೆ ಬದುವಿಗಿ ನೆಡು’ ಅಂದ. ನಾನೂ ಓಳಂಬದ ದಾರ ಬಿಟ್ಟು ನೆಟ್ಟಗ ನಿಲ್ಲಿಸಿ ಕಾಂಕ್ರೀಟ ಹಾಕಿ ಕೊಟ್ಟೆ. ಪುಣ್ಯಾದ ಕೆಲಸಾ ಅಂತ ಪಗಾರನೂ ತಗೊಳ್ಳಲಿಲ್ಲ. ಅದರ ಕೆಳಗಽ ಪೈಪ ಇರತೈತಿ ಅನ್ನೂದು ಗೊತ್ತಿರಲಿಲ್ರಿ, ಹೊಲ ಪ್ಲಾಟ ಆದಮ್ಯಾಲ ಅದು ಎಲ್ಲಿತ್ತು ಅನ್ನೂದೂ ಮರತಹೋತು.”

ನಮ್ಮ ಸೀಮೆಯ ರೈತ ಬೇರೆಯವರ ಕಲ್ಲನ್ನು ಕಿತ್ತು ಎಸೆಯುವುದಿಲ್ಲ. ಹೊಲದಲ್ಲಿ ಸಿಕ್ಕ ಯಾವ ಕಲ್ಲಾದರೂ ಬದುವಿಗೆ ಸೇರಬೇಕು, ಸೇರಿದ ಮೇಲೆ ಅದೇ ಗಡಿ. ಆ ಮುದುಕ ಎಗ್ಗಿಲ್ಲದೆ ಕಂಬವನ್ನು ಹಳ್ಳಕ್ಕೆ ಎಸೆದಿದ್ದರೆ ನಾನು ಕಂಪನಿಯವರನ್ನು ಕರೆಸಿ ಅಳತೆ ಮಾಡಿಸುತ್ತಿದ್ದೆ. ಅವನ ಮರ್ಯಾದೆ, ಮಾಮುವಿನ ಓಳಂಬ, ನನ್ನ ಏಳು ಸೆಂಟಿಮೀಟರ್ ಮೂರೂ ಸೇರಿ ಗ್ಯಾಸಿನ ಮೇಲೆ ಒಂದು ಅಡುಗೆಮನೆಯನ್ನು ಮಂಜೂರು ಮಾಡಿದ್ದವು.

ಮಾಮು ಜೆಸಿಬಿಯವನಿಗೆ ಫೋನು ಹಚ್ಚಿದರು. “ನಾಳೆ ಬರಬ್ಯಾಡೋ. ಗ್ಯಾಸ್ ಐತಿ... ಏ ಇಲ್ಲಪಾ, ಹೊಟ್ಟ್ಯಾಗ ಅಲ್ಲ. ಪ್ಲಾಟಿನ್ಯಾಗ.”

ನಾಲ್ಕನೆಯ ದಿನ ಕಂಪನಿಯ ಇಂಜಿನಿಯರು ಬಂದರು. ಕೊಲ್ಲಾಪುರದ ಕಡೆಯ ಯುವಕ. ಪೈಪು ಪತ್ತೆ ಹಚ್ಚುವ ಯಂತ್ರ ಹಿಡಿದು ಬದುವಿನ ಕಂಬದ ಸುತ್ತ ಹುಡುಕಿದರು, ಯಂತ್ರ ಸುಮ್ಮನಿತ್ತು. ರಸ್ತೆ ದಾಟಿ ಪ್ಲಾಟಿನೊಳಗೆ ಐದು ಮೀಟರ್ ಹೋದಾಗ ಕೂಗಿತು. ಖಾತ್ರಿಗೆ ಗುಂಡಿ ತೋಡಿ ನೋಡಬೇಕಾಯಿತು. “ಮಷೀನ್ ಲಾವೂ ನಕಾ. ಕೈಲೇ, ಸಾವಕಾಶ,” ಎಂದರು. ಅಷ್ಟು ಸಾವಕಾಶ ಅಗೆಯುವ ಕೈ ಅಲ್ಲಿ ಒಂದೇ ಇತ್ತು. ಮಾಮು ತಮ್ಮ ಅಡುಗೆಮನೆಯ ನಡುವೆ ಇಳಿದು, ಮೊದಲು ಸಲಿಕೆಯಿಂದ, ಆಮೇಲೆ ಕರಣೆಯಿಂದ ಕರಿಮಣ್ಣು ತೆಗೆದರು. ಸೊಂಟದಾಳಕ್ಕೆ ಒಂದು ಹಳದಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಕೆಳಗೆ ಪೈಪಿದೆ ಎಂದು ತಿಳಿಸಲು ಹಾಸುವ ಎಚ್ಚರಿಕೆಯ ಹಾಳೆ. ಇಂಜಿನಿಯರು ಕೈ ಎತ್ತಿದರು. ಮಾಮು ಹಾಳೆಯ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಮತ್ತೆ ಅದೇ ಮಣ್ಣು ಮುಚ್ಚಿ, ಮೇಲೆ ಬಂದರು.

ಚಾಚಿ ನನ್ನ ಮುಂದೆ ನಿಂತು ಹೇಳಿದರು: “ಊರಮಂದಿ ಮನಿ ಕಟ್ಟಿ ಕಟ್ಟಿ ಮುದುಕ ಆದ. ತಂದು ಅಂತ ಒಂದ ಕಟ್ಟಾಕ ಹ್ವಾದ್ರ, ಕಂಪನಿ ಎದಿಮ್ಯಾಲ ಹೋಗಿ ಕುಂತ ನೋಡ್ರಿ.” ಮಾಮು ನಕ್ಕರು. ಚಾಚಿ ನಗಲಿಲ್ಲ.

ಪಂಚನಾಮೆ ಬರೆಯಲು ಕಚೇರಿಗೆ ಬಂದೆವು. ಅಧ್ಯಕ್ಷರು ಕೂತಿದ್ದರು. ಪಕ್ಕದಲ್ಲಿ ಲೇಔಟಿನ ಮಾಲೀಕರು, ಅಧ್ಯಕ್ಷರ ಖಾಸಾ ಬೀಗರು. ನಾವು ಬರುವಷ್ಟರಲ್ಲಿ ಒಂದು ಕರಡು ತಯಾರಾಗಿತ್ತು. ಅದರ ಮೂರನೆಯ ಸಾಲು: ‘ಅರ್ಜಿದಾರರೇ ಗುರುತು ಕಂಬವನ್ನು ಸ್ಥಳಾಂತರಿಸಿ, ಪಂಚಾಯಿತಿಗೆ ತಪ್ಪು ಮಾಹಿತಿ ನೀಡಿ, ಪರವಾನಿಗೆ ಪಡೆದಿರುತ್ತಾರೆ.’

“ಇದ ಛಲೋ ಐತಿ ನೋಡ್ರಿ ಸಾಹೇಬ್ರ,” ಎಂದರು ಅಧ್ಯಕ್ಷರು. “ಅಂವ ತಾನಽ ಒಪ್ಪ್ಯಾನ. ಪರವಾನಿಗಿ ರದ್ದ ಮಾಡ್ರಿ, ಫೈಲ್ ಬಂದ್. ನಿಮಗೂ ನಿವೃತ್ತಿ ಹಂತ್ಯಾಕ ಬಂದೈತಿ.”

“ಅವರ ಮನೆ?”

“ಕಲ್ಲ ಕಿತ್ತಾಂವ ಕಲ್ಲಿನ ಫಲಾ ಉಣ್ಣಬೇಕ್ರಿ,” ಎಂದರು ಬೀಗರು. ಅವರು ಭಕ್ತಿಯುಳ್ಳ ಮನುಷ್ಯ.

ಮಾಮು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲ ಕೇಳಿಸುತ್ತಿತ್ತು. ಕಂಪನಿಯ ಗುರುತು ಕಿತ್ತದ್ದು ಅಪರಾಧ. ಆ ಸಾಲು ನಿಂತರೆ ಅವರ ಮೇಲೆ ಕೇಸು ಆಗುತ್ತದೆ, ಮನೆ ಅಲ್ಲಿಗೆ ಮುಗಿಯಿತು, ಬೇರೆ ಪ್ಲಾಟು ಕೇಳುವ ಬಾಯಿಯೂ ಉಳಿಯುವುದಿಲ್ಲ. ಆ ಸಾಲು ನಿಂತರೆ ನನಗೆ ಮಾತ್ರ ಏನೂ ಆಗುವುದಿಲ್ಲ. ದಣಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇರೆ ಬೇಕಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು, ಒಂದು ಚಹ ಕುಡಿದೆ. ಅದನ್ನು ವಿಚಾರ ಮಾಡಿದೆ ಎಂದು ಕರೆದುಕೊಳ್ಳುವುದು ತಪ್ಪಾಗುತ್ತದೆ. ಸುಮ್ಮನೆ ಹೊತ್ತು ಕಳೆದೆ.

ಆಮೇಲೆ ಮೂರನೆಯ ಸಾಲನ್ನು ಹೊಡೆದು ಹೀಗೆ ಬರೆದೆ: ‘ಹಿಂದಿನ ಮಾಲೀಕರ ಸೂಚನೆಯಂತೆ, ಬೇಸಾಯಕ್ಕೆ ಅಡ್ಡಿಯಾಗುತ್ತದೆಂದು ಕಂಬವನ್ನು ಬದುವಿಗೆ ಒಯ್ದು ನೆಡಲಾಗಿದೆ. ಆರು ವರ್ಷ ಕಂಪನಿಯ ಯಂತ್ರ ಅದನ್ನು ತಿಳಿಸಿದೆ, ಯಾರೂ ಓದಿಲ್ಲ. ಲೇಔಟ್ ಮಾಲೀಕರು ಅದೇ ಕಂಬ ನೋಡಿ ಗಾರ್ಡನ್ ತೋರಿಸಿದ್ದಾರೆ. ಕೆಳಗೆ ಸಹಿ ಮಾಡಿದ ಅಭಿವೃದ್ಧಿ ಅಧಿಕಾರಿ ಅಕ್ಕಪಕ್ಕದ ಕಂಬ ನೋಡದೆ ಒಂದೇ ಕಂಬದಿಂದ ಅಳೆದು ಪರವಾನಿಗೆ ಕೊಟ್ಟಿದ್ದಾರೆ. ಯಾರೂ ಕೇಳುವ ಮೊದಲೇ ತಮ್ಮ ತಪ್ಪನ್ನು ಹೇಳಿದವರು ಅರ್ಜಿದಾರರು ಒಬ್ಬರೇ.’

ಗಟ್ಟಿಯಾಗಿ ಓದಿದೆ. ಇಂಜಿನಿಯರು ಕಾಗದ ಇಸಿದುಕೊಂಡು ‘ಯಾರೂ ಓದಿಲ್ಲ’ ಎಂಬಲ್ಲಿ ಬೆರಳಿಟ್ಟರು.

“ಸಾಹೇಬ, ಇದು ನಮ್ಮ ಆಫೀಸಿಗೆ ಹೋದ್ರ ನನಗ ತ್ರಾಸ ಆಗತೈತಿ.”

“ನನಗೂ ಆಗತೈತಿ. ಜೋಡೀಲೆ ಮಾಡ್ಕೊಳ್ಳೋಣು.”

ಅವರು ಕಿಟಕಿಯಾಚೆ ನೋಡಿದರು. ಲೈನ್ ಕಾಯುವವ ಅಲ್ಲಿ ಮಾಮುವಿಗೆ ತಂಬಾಕು ತಿಕ್ಕಿ ಕೊಡುತ್ತಿದ್ದ. “ನನ್ನ ವಯಸ್ಸಿಗೆ ಮೊದಲ ತ್ರಾಸ,” ಎಂದು ಇಂಜಿನಿಯರು ಸಹಿ ಮಾಡಿದರು. ಇಬ್ಬರ ಸಹಿ ಬಿದ್ದ ಮೇಲೆ ಬೀಗರಿಗೆ ಬೇರೆ ದಾರಿ ಇರಲಿಲ್ಲ. ಯಾವಾಗಲೂ ಗೀಚಿದಂತಿರುವ ಅವರ ಸಹಿ ಆ ದಿನ ಯಾಕೋ ಓದಲು ಬರುವ ಹಾಗಿತ್ತು.

ಆಮೇಲೆ ಉಪಾಯ ತಾನಾಗಿ ಕಂಡಿತು. ಪೈಪು ಹದಿನೇಳು, ಹದಿನೆಂಟು, ಹತ್ತೊಂಬತ್ತನೆಯ ಪ್ಲಾಟುಗಳ ಕೆಳಗಿದೆ. ಕೆಳಗೆ ಏನೂ ಇಲ್ಲದ ಬದುವಿನ ಜಾಗದಲ್ಲಿ ಗಾರ್ಡನ್ ಇದೆ. ಅದಲು ಬದಲು ಮಾಡಿದರೆ ಆಯಿತು: ಪೈಪಿನ ಮೇಲೆ ಗಾರ್ಡನ್, ಬದುವಿಗೆ ಮೂರು ಮನೆ. ಇದು ಎಲ್ಲರಿಗೂ ಒಂದೇ ದಿನದಲ್ಲಿ ಒಪ್ಪಿಗೆಯಾಯಿತು. ಆದರೆ ಒಪ್ಪಿಗೆಯಾದದ್ದನ್ನು ಮಾಡುವ ಅಧಿಕಾರ ಯಾರಿಗೆಂದು ತಿಳಿಯಲು ಒಂಬತ್ತು ತಿಂಗಳು ಹಿಡಿಯಿತು.

ಗಾರ್ಡನ್ ಸಾರ್ವಜನಿಕ ಜಾಗ, ಅದನ್ನು ಬದಲಿಸಲು ಗ್ರಾಮಸಭೆಯ ಠರಾವು ಬೇಕು. ಠರಾವಿಗೆ ಕಂಪನಿಯ ನಕ್ಷೆ ಬೇಕು. ನಕ್ಷೆಗೆ ಜಂಟಿ ಅಳತೆ ಬೇಕು. ಅಳತೆಯ ಮೇಲೆ ಯೋಜನೆಯ ಅಧಿಕಾರಿ ತಿದ್ದಿದ ಲೇಔಟಿಗೆ ಸಹಿ ಮಾಡಬೇಕು. ಆ ಒಬ್ಬ ಮನುಷ್ಯನ ತಲೆಯ ಮೇಲೆ ಚಿಕ್ಕೋಡಿಯ ಜತೆ ರಾಯಬಾಗ, ಅಥಣಿ, ಕಾಗವಾಡದ ಭಾರವೂ ಇತ್ತು. ನಾನು ಚಿಕ್ಕೋಡಿಗೆ ಹೋದ ದಿನ ಅವರು ಅಥಣಿಯಲ್ಲಿ. ಅಥಣಿಗೆ ಹೋದ ದಿನ ತೆಲಸಂಗದ ಸ್ಥಳ ಪರಿಶೀಲನೆಯಲ್ಲಿ. ಕೊನೆಗೆ ಕಾಗವಾಡದ ಬಸ್ ನಿಲ್ದಾಣದಲ್ಲಿ, ಒಂದೇ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕರು. ನನಗಿಂತ ದಣಿದಿದ್ದರು. ಬಸ್ಸಿನಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಓದಿ, “ಇದರಾಗ ನಿಮ್ಮ ತಪ್ಪ ನೀವಽ ಬರದೀರಿ. ಇಂಥಾ ಫೈಲ್ ನಾ ಮೊದಲ ನೋಡ್ಲಿಲ್ಲ,” ಎಂದು ನಿದ್ದೆ ಹೋದರು. ತಾಂತ್ರಿಕ ಒಪ್ಪಿಗೆ ಮುಂದಿನ ತಿಂಗಳು ಬಂತು.

ನಡುವೆ ನನಗೆ ಕಾರಣ ಕೇಳುವ ನೋಟಿಸು ಬಂತು. ಸದರಿ ಕಂಬದಿಂದ ಅಳೆದದ್ದು ಏಕೆ? ‘ನೆಟ್ಟಗೆ ನಿಂತಿತ್ತು’ ಎಂದು ಉತ್ತರ ಬರೆದೆ. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ಕಡಿಮೆಯೇ ಆಯಿತು.

ಗ್ರಾಮಸಭೆಯಲ್ಲಿ ಅದಲು ಬದಲಿನ ಜತೆಗೆ ಇನ್ನೊಂದು ಠರಾವನ್ನೂ ಇಟ್ಟೆ: ಇನ್ನು ಮುಂದೆ ಈ ಪಂಚಾಯಿತಿಯಲ್ಲಿ ಲೈನಿನ ಆಸುಪಾಸಿನ ಯಾವ ಮನೆಗೂ, ಕಂಪನಿಯವರು ಯಂತ್ರ ಹಿಡಿದು ಪೈಪು ತೋರಿಸಿದ ಮೇಲಲ್ಲದೆ ಪರವಾನಿಗೆ ಇಲ್ಲ, ಪಟ್ಟಿ ದಾಟಿದ ಮೇಲೂ ಇನ್ನೈದು ಮೀಟರ್ ಬಿಡಬೇಕು. ಅಂಥ ನಿಯಮ ಮಾಡುವ ಅಧಿಕಾರ ನಮಗೆ ಮೊದಲಿನಿಂದಲೂ ಇತ್ತು. ಉಪಯೋಗಿಸಿದವರು ಇರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಬದುವಿನ ಹೊಸ ಮನೆಗಳು ಪಟ್ಟಿಯಿಂದ ನಾಲ್ಕೇ ಮೀಟರಿನಲ್ಲಿ ಬರುತ್ತಿದ್ದವು. ಮಾಮು ಸಭೆಯಲ್ಲಿ ಎದ್ದು ನಿಂತರು.

“ನಾಕ ಐತಲ್ರಿ. ಐದ ಮಾಡಾಕ ನಾ ನನ್ನ ಪಡಸಾಲಿ ಒಂದ ಮೀಟರ ಕಡಿಮಿ ಮಾಡ್ತೀನಿ. ಠರಾವ ಬದಲ ಮಾಡಬ್ಯಾಡ್ರಿ.”

ಬಾಡಿಗೆ ಮನೆಯ ಮಾಲೀಕರ ಮಗನ ಲಗ್ನ ಇದಾವುದಕ್ಕೂ ಕಾಯಲಿಲ್ಲ. ಬೇಸಿಗೆಯಲ್ಲಿ ಮಾಮು ಖೋಲಿ ಬಿಟ್ಟು, ಸಾಮಾನು ಟ್ರ್ಯಾಕ್ಟರಿಗೆ ಹೇರಿ, ಅಕ್ಕೋಳದಲ್ಲಿದ್ದ ಅಕ್ಕನ ಮನೆಯ ಹಿಂದಿನ ಪತ್ರಾಸಿನ ಶೆಡ್ಡಿಗೆ ಹೋದರು. ಮಳೆಗಾಲ ಅಲ್ಲೇ ಕಳೆಯಿತು. ನಾನು ಒಮ್ಮೆ ಹೋಗಿದ್ದೆ. ಚಾಚಿ ಒಲೆ ಊದುತ್ತಿದ್ದರು, ಶೆಡ್ಡಿನ ತುಂಬ ಹೊಗೆ. “ಬರ್ರಿ ಸಾಹೇಬ್ರ,” ಎಂದರು. “ಇಲ್ಲೂ ಖಿಡಕಿ ಇಲ್ರಿ. ಠರಾವ ಮಾಡ್ರಿ ಇದಕ್ಕೊಂದು.” ಚಹ ಕೊಟ್ಟರು. ಕಣ್ಣು ಉರಿದದ್ದಕ್ಕೆ ಹೊಗೆಯೇ ಕಾರಣ ಎಂದು ಇಬ್ಬರೂ ಒಪ್ಪಿಕೊಂಡೆವು.

ದೀಪಾವಳಿಯ ಹೊತ್ತಿಗೆ ತಿದ್ದಿದ ಲೇಔಟ್ ಮಂಜೂರಾಗಿ ಬಂತು. ಆದೇಶದ ಮೊದಲ ಷರತ್ತು: ಮನೆ ಕಟ್ಟುವ ಮೊದಲು ಗುರುತು ಕಂಬವನ್ನು ಮೂಲಸ್ಥಾನದಲ್ಲಿ ನೆಡತಕ್ಕದ್ದು. ಕಂಪನಿಯ ಗುತ್ತಿಗೆದಾರ ಎರಡು ಸಲ ಬರುತ್ತೇನೆಂದು ಬರಲಿಲ್ಲ. ಇಂಜಿನಿಯರು ನನ್ನ ಮುಖ ನೋಡಿದರು, ನಾನು ಮಾಮುವಿನ ಮುಖ ನೋಡಿದೆ.

“ಕಿತ್ತಾಂವ ನಾನಽ. ನೆಡಾಂವನೂ ನಾನಽ,” ಎಂದರು ಮಾಮು. “ನಡೀರಿ.”

ಇಂಜಿನಿಯರು ಯಂತ್ರ ಹಿಡಿದು ಜಾಗ ಗೊತ್ತು ಮಾಡಿ, ಪೈಪಿನಿಂದ ಒಂದು ಮಾರು ಪಕ್ಕಕ್ಕೆ ಗುಂಡಿಯ ಗುರುತು ಹಾಕಿದರು. ಹಳೆಯ ನಕ್ಷೆಯ ಪ್ರಕಾರ ಅದು ಅಡುಗೆಮನೆಯ ದೊಡ್ಡ ಕಿಟಕಿ ಬರುವ ಜಾಗ. ಚಾಚಿ ಬದುವಿನ ಹೊಸ ಪ್ಲಾಟಿನಲ್ಲಿ, ಹೊಸ ಸುಣ್ಣದ ಗೆರೆಯೊಳಗೆ ನಿಂತು ನೋಡುತ್ತಿದ್ದರು. ಲೈನ್ ಕಾಯುವವ ಕಂಬ ಹಿಡಿದ. ಮಾಮು ಓಳಂಬದ ದಾರ ಬಿಟ್ಟು, ಗುಂಡು ತೂಗಾಡುವುದು ನಿಲ್ಲುವವರೆಗೆ ಉಸಿರು ಹಿಡಿದು ಕೂತರು. ಆಮೇಲೆ ಒಂದು ಕಣ್ಣು ಮುಚ್ಚಿ ಉತ್ತರದ ಕಂಬ ನೋಡಿದರು, ದಕ್ಷಿಣದ್ದು ನೋಡಿದರು. ನನ್ನನ್ನೂ ಕರೆದು ಅಲ್ಲೇ ಕೂರಿಸಿ, “ನೀವೂ ಒಂದ ಕಣ್ಣ ಮುಚ್ಚರಿ,” ಎಂದರು. ಮುಚ್ಚಿದೆ. ಮೂರೂ ಕಂಬ ಒಂದಾಗಿ ಕಂಡವು.

ಕಾಂಕ್ರೀಟು ಹಾಕಿ, ಕರಣೆಯಿಂದ ಮೇಲ್ಮೈ ನುಣುಪು ಮಾಡಿದ ಮೇಲೆ, ಮಾಮು ಜೇಬಿನಿಂದ ಒಂದು ಮೊಳೆ ತೆಗೆದು, ಹಸಿ ಕಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕೊರೆದರು: ಇಲ್ಲೇ ಐತಿ.

ಇಂಜಿನಿಯರು ಬಗ್ಗಿ ಓದಿದರು. “ಮಾಮು, ಇದು ಕಂಪನಿ ಡಿಸೈನ್‌ದಾಗ ಇಲ್ಲ. ಅಳಸ್ರಿ.”

ಮಾಮು ಮೊಳೆ ಒರೆಸಿ ಜೇಬಿಗೆ ಹಾಕಿಕೊಂಡು ಎದ್ದರು.

“ಒಣಗೇತಿ ಬಿಡ್ರಿ,” ಎಂದರು.

ಕಾಂಕ್ರೀಟು ಇನ್ನೂ ಹಸಿಯಾಗಿಯೇ ಇತ್ತು. ನಾನು ಪಂಚನಾಮೆಯಲ್ಲಿ ಒಣಗಿದೆ ಎಂದೇ ಬರೆದೆ.